ಗಿಟಾರ್ ಗೇಮ್‌ಗೆ ನಿಮ್ಮಿಷ್ಟದ ಹಾಡು ಸೇರಿಸ್ತಿದ್ದೀರಾ? ಚಾರ್ಟ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು ಕೇಳಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ)

 

ಇವತ್ತು ಒಂದು ಗೇಮ್ ಬಗ್ಗೆ ಮಾತಾಡೋಣ. ಅದರ ಜೊತೆಗೆ, ನಾನು ಮಾಡಿದ ಒಂದು ತಪ್ಪಿನ ಬಗ್ಗೆಯೂ ಹೇಳ್ಬೇಕು. ಆ ತಪ್ಪಿಂದ ನಮ್ಮ ಚಿಕ್ಕಪ್ಪ ಗಿಟಾರನ್ನ ಮತ್ತೆ ಬ್ಯಾಗಿಗೆ ಹಾಕಿ ಜಿಪ್ ಎಳೆದುಬಿಟ್ಟಿದ್ರು.

ನಮ್ಮ ಚಿಕ್ಕಪ್ಪ ತೊಂಬತ್ತರ ದಶಕದಲ್ಲಿ ಊರೂರಿನ ಗಣೇಶೋತ್ಸವಗಳಲ್ಲಿ ಆರ್ಕೆಸ್ಟ್ರಾ ಜೊತೆ ಬೇಸ್ ಗಿಟಾರ್ ನುಡಿಸ್ತಿದ್ದವರು. ಆಮೇಲೆ ಕೆಲಸ, ಮದುವೆ, ಮಕ್ಕಳು. ಗಿಟಾರ್ ಅಟ್ಟ ಸೇರ್ತು. ಇಪ್ಪತ್ತು ವರ್ಷದ ಮೇಲೆ ಅದನ್ನ ಕೆಳಗಿಳಿಸಿ, ಹೊಸ ತಂತಿ ಹಾಕಿಸಿ, ನನ್ನ ಹತ್ರ ಇದ್ದ ಗಿಟಾರ್ ಗೇಮ್ ಮುಂದೆ ಅವರನ್ನ ಕೂರಿಸಿದ್ದು ನಾನೇ. ಅದರಲ್ಲಿದ್ದ ಇಂಗ್ಲಿಷ್ ರಾಕ್ ಹಾಡುಗಳು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ‘ನಾನು ಸ್ಟೇಜಲ್ಲಿ ನುಡಿಸ್ತಿದ್ದ ಹಾಡು ಇದ್ರೆ ಹೇಳು’ ಅಂದ್ರು. ಇರಲಿಲ್ಲ. ‘ಇಲ್ದಿದ್ರೇನು, ನಾನೇ ಮಾಡ್ತೀನಿ’ ಅಂದೆ. ಕಥೆ ಶುರುವಾಗಿದ್ದು ಅಲ್ಲಿಂದ.

ಮೊದಲು, ಏನಿದು ಗೇಮ್?

ಗೊತ್ತಿಲ್ಲದವರಿಗೆ ಎರಡು ಮಾತು. ಗೇಮ್‌ನ ಹೆಸರು ರಾಕ್‌ಸ್ಮಿತ್. ಯೂಬಿಸಾಫ್ಟ್ ಕಂಪನಿಯ ಸ್ಯಾನ್ ಫ್ರಾನ್ಸಿಸ್ಕೋ ಸ್ಟುಡಿಯೋ ಮಾಡಿದ್ದು. ಮೊದಲನೇದು 2011ರಲ್ಲಿ ಬಂತು. ಜನ ಹೆಚ್ಚು ಬಳಸಿದ್ದು ‘ರಾಕ್‌ಸ್ಮಿತ್ 2014’. ಹೆಸರಲ್ಲಿ 2014 ಇದ್ರೂ ಅದು ಬಿಡುಗಡೆ ಆಗಿದ್ದು 2013ರ ಅಕ್ಟೋಬರ್‌ನಲ್ಲಿ. ಗಿಟಾರ್ ಹೀರೋ ಥರದ ಆಟಗಳಲ್ಲಿ ಐದು ಬಟನ್ ಇರೋ ಪ್ಲಾಸ್ಟಿಕ್ ಗಿಟಾರ್ ಇರ್ತಿತ್ತಲ್ಲ, ಇಲ್ಲಿ ಹಾಗಲ್ಲ. ನಿಜವಾದ ಗಿಟಾರನ್ನ ಒಂದು ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಚುಚ್ಚಬೇಕು. ಪರದೆ ಮೇಲೆ ಬಣ್ಣಬಣ್ಣದ ಚೌಕಗಳು ನಿಮ್ಮ ಕಡೆಗೆ ಹರಿದು ಬರ್ತವೆ. ಯಾವ ಬಣ್ಣವೋ ಆ ತಂತಿ, ಯಾವ ಸಂಖ್ಯೆಯೋ ಆ ಫ್ರೆಟ್. ಸರಿಯಾದ ಹೊತ್ತಿಗೆ ಮೀಟಿದ್ರೆ ಅಂಕ, ಇಲ್ಲಾಂದ್ರೆ ಮಿಸ್.

ಈ ಗೇಮನ್ನ 2023ರಲ್ಲಿ ಮಾರಾಟದಿಂದ ತೆಗೆದುಹಾಕಿದ್ರು. ಮೊದಲೇ ಕೊಂಡಿದ್ದವರು ಈಗಲೂ ಆಡಬಹುದು. ಅಂಥವರಲ್ಲಿ ಅನೇಕರು ತಮಗೆ ಬೇಕಾದ ಹಾಡಿಗೆ ತಾವೇ ಚಾರ್ಟ್ ಮಾಡ್ಕೋತಾರೆ. ಕಂಪನಿ ಕೊಟ್ಟ ಸೌಲಭ್ಯ ಅಲ್ಲ ಇದು, ಹವ್ಯಾಸಿಗಳೇ ಕಟ್ಟಿಕೊಂಡ ದಾರಿ. ನಿಮ್ಮ ಹತ್ರ ಈ ಗೇಮ್ ಇಲ್ದಿದ್ರೂ ಮುಂದೆ ಕೇಳಿ. ಕ್ಲೋನ್ ಹೀರೋ ಥರದ ಬೇರೆ ಆಟಗಳಿಗೆ ಚಾರ್ಟ್ ಮಾಡೋರಿಗೂ ಇದರಲ್ಲಿ ಮುಕ್ಕಾಲು ಪಾಲು ಅನ್ವಯಿಸುತ್ತೆ.

ಚಾರ್ಟ್ ಅಂದ್ರೆ ಏನು? ರೈಲ್ವೆ ವೇಳಾಪಟ್ಟಿ ಥರ ಅಂದ್ಕೊಳ್ಳಿ. ಹಾಡು ಶುರುವಾಗಿ 12.345 ಸೆಕೆಂಡ್ ಆದಾಗ, ಇಂಥ ತಂತಿ, ಇಂಥ ಫ್ರೆಟ್. ಮುಂದಿನ ಸಾಲು, ಮುಂದಿನ ಸಮಯ. ಇಂಥ ನೂರಾರು ಸಾಲುಗಳಿರೋ ಒಂದು ಎಕ್ಸ್‌ಎಂಎಲ್ ಫೈಲು. ಗೇಮ್‌ಗೆ ಹಾಡು ‘ಕೇಳಿಸೋದಿಲ್ಲ’, ಅದು ನೋಡೋದು ಈ ಪಟ್ಟಿಯನ್ನ ಮಾತ್ರ. ಪಟ್ಟಿ ತಪ್ಪಿದ್ರೆ, ನೀವು ಸರಿಯಾಗಿ ನುಡಿಸಿದ್ರೂ ಗೇಮ್ ‘ತಪ್ಪು’ ಅಂತಲೇ ಹೇಳುತ್ತೆ.

‘ಕೈ ಓಡ್ತಿಲ್ಲ ಕಣೋ’

ನಾನು ಮಾಡಿದ್ದೇನು? ಆ ಹಾಡಿನ ಬಿಪಿಎಂ, ಅಂದ್ರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನೋದನ್ನ ಫೋನಿನ ಒಂದು ಆ್ಯಪ್‌ನಲ್ಲಿ ತಟ್ಟಿ ನೋಡಿದೆ. 120 ಅಂತ ತೋರಿಸ್ತು. ಇಡೀ ಹಾಡಿಗೆ 120 ಅಂತ ಹಾಕ್ದೆ. ಪಲ್ಲವಿ ನೋಡ್ದೆ, ಚೆನ್ನಾಗಿ ಕೂತಿತ್ತು. ಖುಷಿ ಆಗಿ ಪೂರ್ತಿ ಕೇಳದೇ ಪ್ಯಾಕ್ ಮಾಡಿ, ಭಾನುವಾರ ಚಿಕ್ಕಪ್ಪನ ಮುಂದೆ ಇಟ್ಟೆ.

ಪಲ್ಲವಿಯಲ್ಲಿ ಅವರ ಮುಖ ನೋಡ್ಬೇಕಿತ್ತು. ಮೊದಲ ಚರಣದಲ್ಲಿ ಸ್ವಲ್ಪ ಗಲಿಬಿಲಿ. ಎರಡನೇ ಚರಣದ ಹೊತ್ತಿಗೆ ಸಾಲಾಗಿ ಮಿಸ್, ಮಿಸ್, ಮಿಸ್. ಮೂರು ಸಲ ಆಡಿದ್ರು. ಮೂರು ಸಲವೂ ಶೇಕಡಾ 50 ದಾಟಲಿಲ್ಲ. ‘ಕೈ ಓಡ್ತಿಲ್ಲ ಕಣೋ, ವಯಸ್ಸಾಯ್ತು’ ಅಂತ ಹೇಳಿ ಎದ್ದುಬಿಟ್ರು. ಬೇಜಾರಿನ ಸಂಗತಿ ಏನಂದ್ರೆ, ನಾನೂ ಅದನ್ನ ನಂಬಿದ್ದೆ.

ಎರಡು ವಾರ ಆದ್ಮೇಲೆ ಒಂದು ರಾತ್ರಿ ಅದೇ ಚಾರ್ಟನ್ನ ಎಡಿಟರ್‌ನಲ್ಲಿ ತೆರೆದು, ಮೆಟ್ರೊನೋಮ್ ಆನ್ ಮಾಡಿ ಪೂರ್ತಿ ಕೇಳಿದೆ. ಟಿಕ್ ಟಿಕ್ ಸದ್ದು ಹಾಡಿಂದ ಹಿಂದೆ ಬೀಳ್ತಾ, ಬೀಳ್ತಾ, ಕೊನೇಲಿ ಯಾವುದೋ ಬೇರೆ ಹಾಡಿನ ತಾಳದ ಥರ ಕೇಳಿಸ್ತಿತ್ತು. ಚಿಕ್ಕಪ್ಪ ಹಾಡಿನ ಜೊತೆಗೇ ಇದ್ರು. ಹಿಂದೆ ಉಳಿದಿದ್ದು ನನ್ನ ಚಾರ್ಟು.

ಹಾಗಾಗಿ ಇವತ್ತು ನಾನು ಹೇಳೋದು ಒಂದೇ ವಿಷಯ. ಕಲಿಯೋನು ತಪ್ಪಿದ್ರೆ ಮೊದಲು ಚಾರ್ಟನ್ನ ಅನುಮಾನಿಸಿ. ಅನುಮಾನಿಸೋಕೂ ಒಂದು ಕ್ರಮ ಇದೆ. ಐದು ಮೆಟ್ಟಿಲು: ಆಡಿಯೋ ಫೈಲು, ಬೀಟು, ಸ್ವರ, ಪ್ಯಾಕಿಂಗು, ಕೊನೆಗೆ ನಿಮ್ಮ ಕಂಪ್ಯೂಟರು. ಈ ಕ್ರಮದಲ್ಲೇ ನೋಡಿ. ಕೆಳಗಿನ ಮೆಟ್ಟಿಲು ಅಲ್ಲಾಡ್ತಿದ್ರೆ ಮೇಲಿನದನ್ನ ಎಷ್ಟು ಸರಿಮಾಡಿದ್ರೂ ವ್ಯರ್ಥ.

ಮೆಟ್ಟಿಲು 1: ಆಡಿಯೋ ಫೈಲು

ಚಾರ್ಟ್ ಬರೆಯೋಕೆ ಜನ ಸಾಮಾನ್ಯವಾಗಿ ಬಳಸೋದು ‘ಎಡಿಟರ್ ಆನ್ ಫೈರ್’ ಅನ್ನೋ ಉಚಿತ ಸಾಫ್ಟ್‌ವೇರ್. ಚಿಕ್ಕದಾಗಿ ಇಒಎಫ್. ಮೊದಲು ‘ಫ್ರೆಟ್ಸ್ ಆನ್ ಫೈರ್’ ಅನ್ನೋ ಬೇರೆ ಆಟಕ್ಕಾಗಿ ಹುಟ್ಟಿದ್ದು, ಆಮೇಲೆ ರಾಕ್‌ಸ್ಮಿತ್‌ಗೂ ಬೆಳೀತು. ಇದು ಓಜಿಜಿ ಮಾದರಿಯ ಆಡಿಯೋ ಮೇಲೆ ಕೆಲಸ ಮಾಡುತ್ತೆ.

ಇಲ್ಲಿ ಆಗೋ ಸಾಮಾನ್ಯ ಎಡವಟ್ಟು: ಚಾರ್ಟ್ ಬರೆಯೋದು ಒಂದು ಫೈಲಿಗೆ, ಪ್ಯಾಕ್ ಮಾಡೋದು ಇನ್ನೊಂದು ಫೈಲಿಗೆ. ‘ಎರಡೂ ಅದೇ ಹಾಡಲ್ವಾ’ ಅಂತೀರಿ. ಅಲ್ಲ. ಎಂಪಿ3 ಮಾಡುವಾಗಲೇ ಹಾಡಿನ ತಲೆಗೆ ಚೂರು ಮೌನ ಸೇರಿಕೊಳ್ಳುತ್ತೆ. ಅದು ಒಂದು ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಇರಬಹುದು. ಕೆಲವು ಸಾಫ್ಟ್‌ವೇರ್ ಅದನ್ನ ಕತ್ತರಿಸುತ್ತೆ, ಕೆಲವು ಬಿಡುತ್ತೆ. ಇನ್ನು ಸಿಡಿಯಲ್ಲಿರೋ ಹಾಡು, ಸಿನಿಮಾದಿಂದ ತೆಗೆದ ಹಾಡು, ಮತ್ತೆ ರೀಮಾಸ್ಟರ್ ಮಾಡಿದ ಹಾಡು ಅಂದ್ರೆ ಕೇಳಲೇಬೇಡಿ. ಶುರುವಿನ ಮೌನ, ವೇಗ, ಶ್ರುತಿ ಎಲ್ಲವೂ ಬೇರೆ ಬೇರೆ ಇರಬಹುದು.

ಪರಿಹಾರ ಸುಲಭ. ಮೊದಲ ದಿನವೇ ಒಂದು ಫೈಲ್ ಆರಿಸಿ, ಒಂದೇ ಸಲ ಪರಿವರ್ತನೆ ಮಾಡಿ, ಕೊನೇವರೆಗೂ ಅದನ್ನೇ ಬಳಸಿ. ಬೇರೆಯವರು ಬರೆದ ಟ್ಯಾಬ್ ಬಳಸ್ತಿದ್ರೆ, ಅವರು ಯಾವ ಆವೃತ್ತಿ ಕೇಳಿ ಬರೆದಿದ್ದು ಅಂತ ನೋಡ್ಕೊಳ್ಳಿ.

ಇನ್ನೊಂದು. ಹಾಡು ಶುರುವಾದ ಅರ್ಧ ಸೆಕೆಂಡಿಗೇ ಮೊದಲ ಸ್ವರ ಇದ್ರೆ, ನುಡಿಸೋನಿಗೆ ಕೈ ಇಡೋಕೂ ಸಮಯ ಸಿಗಲ್ಲ. ಅದಕ್ಕೆ ಶುರುವಲ್ಲಿ ಕೆಲವು ಸೆಕೆಂಡ್ ಮೌನ ಸೇರಿಸ್ತಾರೆ. ಸೇರಿಸೋದಾದ್ರೆ ಬೀಟ್ ಜೋಡಿಸೋಕೆ ಮುಂಚೆಯೇ ಸೇರಿಸಿ. ಎಲ್ಲಾ ಮುಗಿಸಿ ಆಮೇಲೆ ಸೇರಿಸಿದ್ರೆ, ಬರೆದಿರೋ ಸ್ವರಗಳೂ ಅಷ್ಟೇ ಮುಂದಕ್ಕೆ ಹೋಗಿವೆಯಾ ಅಂತ ಪರೀಕ್ಷಿಸಲೇಬೇಕು.

ಮೆಟ್ಟಿಲು 2: ಬೀಟು

ಹೆಚ್ಚಿನ ಚಾರ್ಟ್‌ಗಳು ಬೀಳೋದು ಇಲ್ಲೇ. ನಾನು ಬಿದ್ದಿದ್ದೂ ಇಲ್ಲೇ. ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ. ನಿಮಿಷಕ್ಕೆ 120 ಬೀಟ್ ಅಂದ್ರೆ ಒಂದು ಬೀಟಿಗೆ ಅರ್ಧ ಸೆಕೆಂಡ್. ಹಾಡಿನ ನಿಜವಾದ ವೇಗ 120.5 ಅಂತಿಟ್ಕೊಳ್ಳಿ. ನೀವು 120 ಅಂತ ಹಾಕಿದ್ದೀರಿ. ವ್ಯತ್ಯಾಸ ಬರೀ ಅರ್ಧ. ಏನಾಗುತ್ತೆ? ಮೊದಲ ನಿಮಿಷದ ಕೊನೆಗೆ ನಿಮ್ಮ ಚಾರ್ಟ್ ಕಾಲು ಸೆಕೆಂಡ್ ಹಿಂದೆ. ಅಂದ್ರೆ ಅರ್ಧ ಬೀಟ್. ನಾಲ್ಕು ನಿಮಿಷದ ಹಾಡಿನ ಕೊನೆಗೆ ಸುಮಾರು ಒಂದು ಸೆಕೆಂಡ್. ಅಂದ್ರೆ ಎರಡು ಬೀಟ್. ಪಲ್ಲವಿಯಲ್ಲಿ ಯಾರಿಗೂ ಗೊತ್ತಾಗಲ್ಲ, ಕೊನೆಯ ಚರಣದಲ್ಲಿ ಯಾರಿಗೂ ನುಡಿಸೋಕಾಗಲ್ಲ.

ಫೋನ್ ಆ್ಯಪ್‌ನಲ್ಲಿ ಬೆರಳಲ್ಲಿ ತಟ್ಟಿ ನೋಡಿದ ಸಂಖ್ಯೆ ಅಂದಾಜು ಮಾತ್ರ. ಅದು ಶುರು ಮಾಡೋಕೆ ಸಾಕು, ಮುಗಿಸೋಕೆ ಸಾಲಲ್ಲ.

ತಪ್ಪು ಯಾವ ಥರದ್ದು ಅಂತ ಗುರುತಿಸೋದು ಮುಖ್ಯ. ಡಾಕ್ಟ್ರು ಜ್ವರ ಅಂದ ತಕ್ಷಣ ಮಾತ್ರೆ ಕೊಡಲ್ಲ, ಬೆಳಿಗ್ಗೆ ಬರುತ್ತಾ, ರಾತ್ರಿ ಬರುತ್ತಾ, ಬಿಟ್ಟು ಬಿಟ್ಟು ಬರುತ್ತಾ ಅಂತ ಕೇಳ್ತಾರಲ್ಲ, ಹಾಗೆ. ಚಾರ್ಟ್‌ನ ಹೊಂದಾಣಿಕೆ ತಪ್ಪೋದು ನಾಲ್ಕು ಥರ.

ಒಂದು, ಶುರುವಿಂದ ಕೊನೇವರೆಗೂ ಒಂದೇ ಸಮ ತಡ ಅಥವಾ ಒಂದೇ ಸಮ ಮುಂಚೆ. ಇದು ಮೊದಲ ಬೀಟನ್ನ ತಪ್ಪು ಜಾಗದಲ್ಲಿ ಇಟ್ಟಿದ್ದರಿಂದ ಆಗಿದ್ದು, ಅಥವಾ ಈಗ ಹೇಳಿದ ಎಂಪಿ3 ಮೌನದ ಕಥೆ. ಕಂಪ್ಯೂಟರ್‌ನ ತೊಂದರೆಯೂ ಇರಬಹುದು, ಅದಕ್ಕೆ ಕೊನೇಲಿ ಬರ್ತೀನಿ.

ಎರಡು, ಶುರುವಲ್ಲಿ ಸರಿ, ಹೋಗ್ತಾ ಹೋಗ್ತಾ ಹೆಚ್ಚಾಗೋ ತಪ್ಪು. ಇದು ಬಿಪಿಎಂ ತಪ್ಪು. ಹಾಡಿನ ಕೊನೆಯಲ್ಲಿ ಸ್ಪಷ್ಟವಾಗಿ ಕೇಳೋ ಒಂದು ಡ್ರಮ್ ಪೆಟ್ಟಿಗೆ ಹೋಗಿ, ಅಲ್ಲಿನ ಬೀಟ್ ಗೆರೆಯನ್ನ ಎಳೆದು ಪೆಟ್ಟಿನ ಮೇಲೆ ಕೂರಿಸಿ. ನಡುವಿನ ಬಿಪಿಎಂ ತಾನಾಗೇ 120.5 ಅಂತಲೋ ಏನೋ ಸರಿಹೋಗುತ್ತೆ.

ಮೂರು, ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೆ ಸರಿ. ಇದು ತಪ್ಪೇ ಅಲ್ಲ, ಮನುಷ್ಯರು ನುಡಿಸಿದ ಗುರುತು. ಈಗಿನ ಬಹುಪಾಲು ಹಾಡುಗಳನ್ನ ಕ್ಲಿಕ್ ಟ್ರ್ಯಾಕ್ ಕೇಳ್ತಾ ರೆಕಾರ್ಡ್ ಮಾಡ್ತಾರೆ. ಹಳೆಯ ರೆಕಾರ್ಡಿಂಗ್‌ಗಳಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ್ದು ಸಾಮಾನ್ಯ. ಭಾವ ಏರಿದಲ್ಲಿ ಚೂರು ಓಡ್ತಾರೆ, ಇಳಿದಲ್ಲಿ ಚೂರು ನಿಲ್ತಾರೆ. ಅಂಥ ಹಾಡಿಗೆ ಒಂದೇ ಬಿಪಿಎಂ ಅನ್ನೋದು ಇರೋದೇ ಇಲ್ಲ. ಪ್ರತಿ ಒಂದೋ ಎರಡೋ ಆವರ್ತನಕ್ಕೆ ಒಂದು ಬೀಟನ್ನ ಕೈಯಾರೆ ಎಳೆದು ಕೂರಿಸಿ, ಅಲ್ಲಿ ಲಂಗರು ಹಾಕಬೇಕು. ಇಒಎಫ್‌ನಲ್ಲಿ ಇದನ್ನ ಆ್ಯಂಕರ್ ಅಂತಲೇ ಕರೀತಾರೆ. ಬೇಸರದ ಕೆಲಸ, ಆದ್ರೆ ಬೇರೆ ದಾರಿ ಇಲ್ಲ. ಚಿಕ್ಕಪ್ಪನ ಹಾಡಿಗೆ ಕೊನೆಗೆ ನಾನು ಮಾಡಬೇಕಾಗಿ ಬಂದಿದ್ದು ಇದನ್ನೇ. ಎರಡು ಸಂಜೆ ಹಿಡೀತು.

ನಾಲ್ಕು, ಎಲ್ಲ ಸರಿ ಇದ್ದು, ಒಂದು ಜಾಗದಿಂದ ಮುಂದೆ ಪೂರ್ತಿ ಜಿಗಿದುಹೋಗೋದು. ಇದು ಸಾಮಾನ್ಯವಾಗಿ ಟ್ಯಾಬ್‌ನ ತಪ್ಪು. ಗಿಟಾರ್ ಪ್ರೋ ಫೈಲನ್ನ ಒಳಗೆ ತಂದುಕೊಂಡಾಗ, ಅದರಲ್ಲಿರೋ ಆವರ್ತನಗಳು ನೀವು ಕೂರಿಸಿದ ಬೀಟ್‌ಗಳ ಮೇಲೆ ಒಂದೊಂದಾಗಿ ಬಂದು ಕೂರ್ತವೆ. ಟ್ಯಾಬ್ ಬರೆದವರು ಪಲ್ಲವಿಯನ್ನ ಎರಡು ಸಲ ಬರೆದಿದ್ದಾರೆ, ನಿಮ್ಮ ರೆಕಾರ್ಡಿಂಗ್‌ನಲ್ಲಿ ಮೂರು ಸಲ ಹಾಡಿದ್ದಾರೆ ಅಂದ್ರೆ ಮುಗೀತು. ಅಥವಾ ಚರಣದ ಕೊನೆಗೆ ಎರಡೇ ಬೀಟಿನ ಒಂದು ಸಣ್ಣ ಆವರ್ತನ ಇರುತ್ತೆ, ಅದನ್ನ ಯಾರೋ ನಾಲ್ಕು ಅಂತ ಬರೆದಿರ್ತಾರೆ. ಆರು ಮಾತ್ರೆಯ ಓಟದ ಹಾಡನ್ನ ನಾಲ್ಕು ಬೀಟಿನ ಗೆರೆಗೆ ಕೂರಿಸೋಕೆ ಹೋದ್ರೂ ಇದೇ ಪಾಡು. ಹಾಗಾಗಿ ಟ್ಯಾಬ್ ತರೋಕೆ ಮುಂಚೆ ಹಾಡನ್ನ ಕೇಳ್ತಾ ಒಂದು ಕಾಗದದ ಮೇಲೆ ಆವರ್ತನ ಎಣಿಸಿ ಬರೀರಿ. ಮುನ್ನುಡಿ ಎಂಟು, ಪಲ್ಲವಿ ಹದಿನಾರು, ಹೀಗೆ. ಐದು ನಿಮಿಷದ ಕೆಲಸ, ಐದು ಗಂಟೆ ಉಳಿಸುತ್ತೆ.

ಪರೀಕ್ಷೆ ಹೇಗೆ? ಎಡಿಟರ್‌ನಲ್ಲಿ ಮೆಟ್ರೊನೋಮ್ ಸದ್ದು ಹಾಕೋ ಸೌಲಭ್ಯ ಇದೆ. ಪ್ರತಿ ಸ್ವರಕ್ಕೂ ಚಪ್ಪಾಳೆ ಸದ್ದು ಹಾಕೋದೂ ಇದೆ. ಮೊದಲು ಮೆಟ್ರೊನೋಮ್ ಮಾತ್ರ ಹಾಕಿ, ಹಾಡನ್ನ ಮೊದಲಿಂದ ಕೊನೇವರೆಗೂ ಕೇಳಿ. ಮಧ್ಯೆ ಹಾರಿಸಬೇಡಿ. ಅನುಮಾನ ಬಂದ ಜಾಗದಲ್ಲಿ ಅರ್ಧ ವೇಗದಲ್ಲಿ ಕೇಳಿ. ಮೆಟ್ರೊನೋಮ್ ಹಾಡಿನೊಳಗೆ ಕರಗಿಹೋಗಬೇಕು. ಅದು ಬೇರೆಯಾಗಿ ಕೇಳಿಸಿದ ಕಡೆಯಲ್ಲೆಲ್ಲ ಕೆಲಸ ಬಾಕಿ ಇದೆ. ಇದು ಪೂರ್ತಿ ಸರಿಯಾಗೋವರೆಗೂ ಒಂದೇ ಒಂದು ಸ್ವರವನ್ನೂ ಬರೀಬೇಡಿ.

ಮೆಟ್ಟಿಲು 3: ಸ್ವರ, ತಂತಿ, ಶ್ರುತಿ

ಈಗ ಸ್ವರಗಳ ಸರದಿ. ಇಲ್ಲಿ ಗೇಮ್ ನಿಮಗೆ ಹಿಡಿದುಕೊಡದ ಒಂದು ತಪ್ಪಿದೆ.

ಬೇಸ್ ಗಿಟಾರ್‌ನಲ್ಲಿ ‘ಡಿ’ ತಂತಿಯನ್ನ ಖಾಲಿ ಬಿಟ್ಟು ಮೀಟಿದ್ರೆ ಬರೋ ಸ್ವರ, ‘ಎ’ ತಂತಿಯ ಐದನೇ ಫ್ರೆಟ್‌ನಲ್ಲೂ ಬರುತ್ತೆ, ಎಲ್ಲಕ್ಕಿಂತ ದಪ್ಪದ ‘ಇ’ ತಂತಿಯ ಹತ್ತನೇ ಫ್ರೆಟ್‌ನಲ್ಲೂ ಬರುತ್ತೆ. ಮೂರೂ ಒಂದೇ ಸ್ವರ. ಗೇಮ್ ಕೇಳೋದು ಸ್ವರವನ್ನ ಮಾತ್ರ, ನಿಮ್ಮ ಬೆರಳು ಎಲ್ಲಿದೆ ಅಂತ ಅದಕ್ಕೆ ಕಾಣಲ್ಲ. ಹಾಗಾಗಿ ಚಾರ್ಟ್‌ನಲ್ಲಿ ತಂತಿ ತಪ್ಪಾಗಿದ್ರೂ ಅಂಕ ಬರುತ್ತೆ. ಆದ್ರೆ ಕಲಿಯೋನ ಕೈ ಎರಡನೇ ಫ್ರೆಟ್‌ನಿಂದ ಹತ್ತಕ್ಕೆ, ಹತ್ತರಿಂದ ಮೂರಕ್ಕೆ ಕಪ್ಪೆ ಥರ ಜಿಗೀತಿರುತ್ತೆ. ಆಮೇಲೆ ಅವನಿಗೆ ‘ಈ ಹಾಡು ನನಗೆ ಕಷ್ಟ’ ಅನ್ಸುತ್ತೆ. ಹಾಡು ಕಷ್ಟ ಇಲ್ಲ. ಬರೆದಿದ್ದು ಸರಿ ಇಲ್ಲ.

ಅದಕ್ಕೇ, ಬರೆದ ಮೇಲೆ ಗಿಟಾರ್ ಕೈಗೆತ್ತಿಕೊಂಡು ನುಡಿಸಿ ನೋಡಿ. ಮೌಸ್‌ನಲ್ಲಿ ಮಾತ್ರ ಮಾಡಿದ ಚಾರ್ಟ್‌ನಲ್ಲಿ ಇಂಥ ಜಿಗಿತಗಳು ಉಳಿದೇ ಉಳೀತವೆ. ಎಕ್ಸ್‌ಎಂಎಲ್ ಫೈಲನ್ನ ನೇರವಾಗಿ ತಿದ್ದೋರಿಗೆ ಒಂದು ಎಚ್ಚರಿಕೆ: ಅಲ್ಲಿ ತಂತಿಗಳ ಎಣಿಕೆ ಸೊನ್ನೆಯಿಂದ ಶುರು, ಅದೂ ದಪ್ಪ ತಂತಿಯಿಂದ. ನಾವು ಸಾಮಾನ್ಯವಾಗಿ ಮೊದಲನೇ ತಂತಿ ಅನ್ನೋದು ತೆಳ್ಳಗಿನದಕ್ಕೆ. ತಲೆಕೆಳಗಾಗೋದು ಸುಲಭ.

ಜೊತೆಗೆ ‘ಫ್ರೆಟ್ ಹ್ಯಾಂಡ್ ಪೊಸಿಷನ್’ ಅಂತ ಒಂದಿದೆ. ಎಡಗೈ ಯಾವ ಫ್ರೆಟ್‌ನಲ್ಲಿರಬೇಕು ಅಂತ ಗೇಮ್‌ಗೆ ಹೇಳೋದು ಇದು. ಪರದೆಯ ಕ್ಯಾಮೆರಾ ಇದನ್ನೇ ಹಿಂಬಾಲಿಸುತ್ತೆ. ಎಡಿಟರ್ ಇದನ್ನ ತಾನಾಗೇ ಹಾಕಿಕೊಡುತ್ತೆ, ಆದ್ರೆ ಕೆಲವೊಮ್ಮೆ ಪ್ರತಿ ಸ್ವರಕ್ಕೂ ಬದಲಾಯಿಸಿ ಕ್ಯಾಮೆರಾ ಎಡಬಲ ಓಡಾಡೋ ಹಾಗೆ ಮಾಡಿಬಿಡುತ್ತೆ. ಆಟ ನೋಡ್ತಾ ತಲೆ ಸುತ್ತಿದ್ರೆ ಇಲ್ಲಿ ಬಂದು ನೋಡಿ.

ಇನ್ನು ಶ್ರುತಿ. ಗೇಮ್ ಸಹಜವಾಗಿ ‘ಎ’ ಸ್ವರವನ್ನ 440 ಹರ್ಟ್ಸ್ ಅಂತ ಹಿಡಿಯುತ್ತೆ. ಹಳೆಯ ಟೇಪ್ ಸ್ವಲ್ಪ ವೇಗವಾಗಿ ಓಡಿದ್ರೆ ಶ್ರುತಿಯೂ ಮೇಲಕ್ಕೆ ಹೋಗುತ್ತೆ. ಉದಾಹರಣೆಗೆ 450 ಹರ್ಟ್ಸ್ ಅಂದ್ರೆ ಸುಮಾರು 39 ಸೆಂಟ್ಸ್ ಮೇಲೆ. ನೂರು ಸೆಂಟ್ಸ್‌ಗೆ ಒಂದು ಫ್ರೆಟ್. ಅಂದ್ರೆ ಒಂದು ಫ್ರೆಟ್‌ನ ಐದನೇ ಎರಡು ಭಾಗದಷ್ಟು ವ್ಯತ್ಯಾಸ. ಗೇಮ್‌ನ ಟ್ಯೂನರ್ ಪ್ರಕಾರ ಶ್ರುತಿ ಮಾಡಿದ್ರೆ ಅಂಕ ಬರುತ್ತೆ, ಆದ್ರೆ ಹಾಡಿನ ಜೊತೆ ಕರ್ಕಶವಾಗಿ ಕೇಳಿಸುತ್ತೆ. ಕಿವಿ ನಂಬಿ ಹಾಡಿಗೆ ಶ್ರುತಿ ಮಾಡಿದ್ರೆ ಇಂಪಾಗಿ ಕೇಳಿಸುತ್ತೆ, ಆದ್ರೆ ಗೇಮ್ ಮಿಸ್ ಅನ್ನುತ್ತೆ. ಪಾಪ, ಒಳ್ಳೆ ಕಿವಿ ಇರೋನಿಗೇ ಶಿಕ್ಷೆ! ಪ್ಯಾಕ್ ಮಾಡುವಾಗ ಈ ವ್ಯತ್ಯಾಸವನ್ನ ನಮೂದಿಸೋಕೆ ಒಂದು ಜಾಗ ಇದೆ. ಅಲ್ಲಿ ಹಾಕಿದ್ರೆ ಗೇಮ್‌ನ ಟ್ಯೂನರ್ ಕೂಡ ಆ ಶ್ರುತಿಯನ್ನೇ ಕೇಳುತ್ತೆ.

ಮೆಟ್ಟಿಲು 4: ಪ್ಯಾಕಿಂಗು

ಚಾರ್ಟ್ ಸಿದ್ಧ. ಈಗ ‘ರಾಕ್‌ಸ್ಮಿತ್ ಕಸ್ಟಮ್ ಸಾಂಗ್ ಟೂಲ್‌ಕಿಟ್’ ಅನ್ನೋ ಸಾಫ್ಟ್‌ವೇರ್‌ನಲ್ಲಿ ಹಾಡಿನ ಹೆಸರು, ಕವರ್ ಚಿತ್ರ, ಆಡಿಯೋ, ಚಾರ್ಟ್ ಎಲ್ಲ ಸೇರಿಸಿ ‘ಪಿಸಾರ್ಕ್’ ಅನ್ನೋ ಒಂದೇ ಫೈಲ್ ಮಾಡ್ತೀವಿ. ಅದನ್ನ ಗೇಮ್‌ನ ಡಿಎಲ್‌ಸಿ ಫೋಲ್ಡರ್‌ಗೆ ಹಾಕಬೇಕು. ಇಲ್ಲಿ ಬರೋ ತೊಂದರೆಗಳಿಗೆ ಉತ್ತರ ಚಿಕ್ಕದು, ಬೇಗ ಹೇಳಿಬಿಡ್ತೀನಿ.

ಹಾಡು ಪಟ್ಟಿಯಲ್ಲೇ ಕಾಣಿಸ್ತಿಲ್ವಾ? ಫೈಲ್ ಹೆಸರಿನ ಕೊನೆ ನೋಡಿ. ವಿಂಡೋಸ್‌ಗೆ ಅಂಡರ್‌ಸ್ಕೋರ್ ಪಿ, ಮ್ಯಾಕ್‌ಗೆ ಅಂಡರ್‌ಸ್ಕೋರ್ ಎಂ. ಅದಲು ಬದಲಾದ್ರೆ ಓದಲ್ಲ. ಎರಡನೇದು, ಈ ಹಾಡುಗಳಲ್ಲಿ ಹೆಚ್ಚಿನವು ‘ಚೆರಬ್ ರಾಕ್’ ಅನ್ನೋ ಅಧಿಕೃತ ಹೆಚ್ಚುವರಿ ಹಾಡಿನ ಗುರುತಿನ ಸಂಖ್ಯೆಯನ್ನ ಬಳಸ್ತವೆ. ಆ ಹಾಡನ್ನ ನೀವು ಕೊಂಡಿಲ್ಲ ಅಂದ್ರೆ ನಿಮ್ಮದೂ ಕಾಣಲ್ಲ.

ಗೇಮ್ ಲೋಡ್ ಆಗ್ತಾ ನಿಂತುಹೋಗ್ತಿದ್ಯಾ? ಡಿಎಲ್‌ಸಿ ಕೀ ಅನ್ನೋದು ಪ್ರತಿ ಹಾಡಿಗೂ ಬೇರೆ ಇರಬೇಕು. ಹಳೆ ಆವೃತ್ತಿಯನ್ನ ಅಳಿಸದೇ ಹೊಸದನ್ನೂ ಅದೇ ಕೀ ಜೊತೆ ಹಾಕಿದ್ರೆ ಗೇಮ್ ಗೊಂದಲಕ್ಕೆ ಬೀಳುತ್ತೆ. ಕೀಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಬಳಸಿ.

ಹಾಡು ಬಂತು, ಸದ್ದು ಬರ್ತಿಲ್ವಾ? ಗೇಮ್ ಓದೋದು ವೈಸ್ ಅನ್ನೋ ಆಡಿಯೋ ತಂತ್ರಾಂಶದ ಮಾದರಿ. ಟೂಲ್‌ಕಿಟ್‌ಗೆ ಹೊಂದೋ ವೈಸ್ ಆವೃತ್ತಿ ಇನ್‌ಸ್ಟಾಲ್ ಆಗಿದ್ಯಾ ನೋಡಿ. ಹಾಡಿನ ಸದ್ದು ಇದ್ದು ನಿಮ್ಮ ಗಿಟಾರ್‌ನದು ಮಾತ್ರ ವಿಚಿತ್ರ ಅನ್ಸಿದ್ರೆ, ಟೋನ್ ಆಯ್ಕೆ ನೋಡಿ.

ಒಂದು ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲೋಣ: ಫ್ರೇಸ್‌ಗಳು. ಹಾಡನ್ನ ಮುನ್ನುಡಿ, ಪಲ್ಲವಿ, ಚರಣ ಅಂತ ತುಂಡು ಮಾಡಿ ಗುರುತು ಹಾಕಬೇಕು. ಮೊದಲ ಸ್ವರಕ್ಕೆ ಮುಂಚೆ ಕೌಂಟ್ ಅನ್ನೋ ಗುರುತು, ಕೊನೆಯ ಸ್ವರದ ನಂತರ ಎಂಡ್ ಅನ್ನೋ ಗುರುತು. ಇದನ್ನ ಅನೇಕರು ಕಾಟಾಚಾರಕ್ಕೆ ಮಾಡ್ತಾರೆ. ಆದ್ರೆ ಕಲಿಯೋನಿಗೆ ಇದೇ ಜೀವಾಳ. ರಿಫ್ ರಿಪೀಟರ್‌ನಲ್ಲಿ ಒಂದೇ ತುಂಡನ್ನ ನಿಧಾನ ಮಾಡಿ ಹತ್ತು ಸಲ ನುಡಿಸೋಕೆ ಆಗೋದು ಈ ಗುರುತುಗಳಿಂದ. ಶುರುವಲ್ಲಿ ಕಡಿಮೆ ಸ್ವರ ತೋರಿಸಿ, ನೀವು ಸುಧಾರಿಸಿದಂತೆ ಹೆಚ್ಚು ಮಾಡೋದು ಕೂಡ ಫ್ರೇಸ್ ಲೆಕ್ಕದಲ್ಲೇ. ಅದಕ್ಕೆ ಡಿಡಿಸಿ ಅನ್ನೋ ಸಾಧನ ಇದೆ. ಅದನ್ನ ಬಳಸದಿದ್ರೆ ಹೊಸಬನಿಗೂ ಮೊದಲ ದಿನವೇ ಎಲ್ಲ ಸ್ವರಗಳು ಒಟ್ಟಿಗೆ ಮೈಮೇಲೆ ಬೀಳ್ತವೆ. ಗುರುತನ್ನ ಮಾತಿನ ಮಧ್ಯೆ ಹಾಕಬೇಡಿ, ಉಸಿರು ತಗೊಳ್ಳೋ ಜಾಗದಲ್ಲಿ ಹಾಕಿ.

ಮೆಟ್ಟಿಲು 5: ನಿಮ್ಮ ಕಂಪ್ಯೂಟರು

ಎಲ್ಲಾ ಸರಿ, ಆದ್ರೂ ತಡ ಅನ್ನಿಸ್ತಿದೆ. ಆಗ ಒಂದು ಪರೀಕ್ಷೆ. ಗೇಮ್ ಜೊತೆಗೇ ಬಂದ ಅಧಿಕೃತ ಹಾಡೊಂದನ್ನ ಆಡಿ. ಅದೂ ತಡವಾಗಿ ಕೇಳಿಸಿದ್ರೆ ತಪ್ಪು ಕಂಪ್ಯೂಟರ್‌ದು. ಅದು ಸರಿ ಇದ್ದು ನಿಮ್ಮದು ಮಾತ್ರ ತಡ ಅಂದ್ರೆ ಚಾರ್ಟ್‌ದು. ಈ ಪರೀಕ್ಷೆ ಮಾಡದೇ ಚಾರ್ಟ್ ತಿದ್ದೋಕೆ ಹೋದ್ರೆ, ಕಂಪ್ಯೂಟರ್‌ನ ತಪ್ಪನ್ನ ಚಾರ್ಟ್‌ನೊಳಗೆ ಬರೆದಿಟ್ಟ ಹಾಗಾಗುತ್ತೆ. ನಿಮ್ಮ ಮನೇಲಿ ಸರಿ, ಇನ್ನೊಬ್ಬರ ಮನೇಲಿ ತಪ್ಪು.

ಬ್ಲೂಟೂತ್ ಇಯರ್‌ಬಡ್ ಹಾಕಿದ್ದೀರಾ? ತೆಗೀರಿ. ಈ ಪಾಡ್‌ಕಾಸ್ಟ್ ಕೇಳೋಕೆ ಅದು ಸಾಕು, ಗಿಟಾರ್ ನುಡಿಸೋಕೆ ಸಾಲಲ್ಲ. ಮೀಟಿದ ಸದ್ದು ಕಿವಿಗೆ ಬರೋದು ತಡ ಆಗುತ್ತೆ. ವೈರ್ ಇರೋ ಹೆಡ್‌ಫೋನ್ ಬಳಸಿ. ಎಚ್‌ಡಿಎಂಐ ಮೂಲಕ ಟಿವಿ ಸ್ಪೀಕರ್‌ನಲ್ಲಿ ಸದ್ದು ಬರ್ತಿದ್ರೂ ಇದೇ ಸಮಸ್ಯೆ. ಕೇಬಲ್ ಅನ್ನ ವಿಂಡೋಸ್‌ನಲ್ಲಿ 48 ಕಿಲೋಹರ್ಟ್ಸ್‌ಗೆ ಇಟ್ಟಿದ್ದೀರಾ, ಮೈಕ್ ಬಳಸೋಕೆ ಅನುಮತಿ ಇದ್ಯಾ ನೋಡಿ. ಗೇಮ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ‘ಲೇಟೆನ್ಸಿ ಬಫರ್’ ಅಂತ ಒಂದು ಸಂಖ್ಯೆ ಇದೆ. ಅದನ್ನ 4ರಿಂದ ಒಂದೊಂದೇ ಇಳಿಸ್ತಾ ಹೋದ್ರೆ ತಡ ಕಡಿಮೆ ಆಗುತ್ತೆ. ತೀರಾ ಇಳಿಸಿದ್ರೆ ಸದ್ದು ಹರಿದ ಹಾಗೆ ಚಟಚಟ ಅನ್ನುತ್ತೆ. ಆಗ ಒಂದು ಮೇಲಕ್ಕೆ ಹೋಗಿ ನಿಲ್ಲಿಸಿ.

ಎರಡು ಅಭ್ಯಾಸ, ಒಂದು ಎಚ್ಚರಿಕೆ

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಬೀಟೂ ತಿದ್ದಿ, ಲೇಟೆನ್ಸಿಯೂ ತಿದ್ದಿ, ಆಡಿಯೋನೂ ಬದಲಾಯಿಸಿದ್ರೆ, ಸರಿಹೋದ್ರೂ ಯಾವುದರಿಂದ ಅಂತ ಗೊತ್ತಾಗಲ್ಲ. ಕೆಟ್ಟರೂ ಗೊತ್ತಾಗಲ್ಲ. ಪ್ರತಿ ಹಂತಕ್ಕೂ ಒಂದು ಪ್ರತಿ ಉಳಿಸಿಕೊಳ್ಳಿ.

ಎಚ್ಚರಿಕೆ ಏನಂದ್ರೆ, ಆ ಪಿಸಾರ್ಕ್ ಫೈಲಿನೊಳಗೆ ಪೂರ್ತಿ ಹಾಡು ಇರುತ್ತೆ. ಅದನ್ನ ಹಂಚೋದು ಅಂದ್ರೆ ಹಾಡನ್ನೇ ಹಂಚಿದ ಹಾಗೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಸಂಗೀತಕ್ಕೂ, ಧ್ವನಿಮುದ್ರಣಕ್ಕೂ ಬೇರೆ ಬೇರೆಯಾಗಿ ರಕ್ಷಣೆ ಕೊಡುತ್ತೆ. ದುಡ್ಡು ಕೊಟ್ಟು ಕೊಂಡ ಹಾಡಿಗೆ, ನಿಮ್ಮ ಅಭ್ಯಾಸಕ್ಕೆ ಅಂತ ಮಾಡ್ಕೊಳ್ಳಿ. ಗ್ರೂಪ್‌ಗಳಲ್ಲಿ ಹಂಚಬೇಡಿ.

ಕೊನೆಗೆ ಚಿಕ್ಕಪ್ಪನ ವಿಷಯ. ಬೀಟ್ ಪೂರ್ತಿ ಸರಿ ಮಾಡಿ, ಮೊದಲಿಂದ ಕೊನೇವರೆಗೂ ಮೂರು ಸಲ ಕೇಳಿ, ನಾನೇ ಗಿಟಾರ್ ಹಿಡಿದು ನುಡಿಸಿ ನೋಡಿ, ಆಮೇಲೆ ಅವರ ಮನೆಗೆ ಹೋದೆ. ‘ಅವತ್ತು ತಪ್ಪಿದ್ದು ನಾನು, ನೀವಲ್ಲ’ ಅಂತ ಹೇಳ್ದೆ. ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳ್ತಿದ್ದಾನೆ ಅಂದ್ಕೊಂಡ್ರು. ಹಳೇ ಚಾರ್ಟನ್ನ ಮೆಟ್ರೊನೋಮ್ ಜೊತೆ ಕೇಳಿಸ್ದೆ. ಎರಡನೇ ಚರಣ ಬರೋ ಹೊತ್ತಿಗೆ ನಕ್ಕುಬಿಟ್ರು. ‘ನಿನ್ನ ತಾಳ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಬರ್ತಿದೆಯಲ್ಲೋ’ ಅಂದ್ರು.

ಹೊಸದನ್ನ ನುಡಿಸಿದ್ರು. ಎಲ್ಲ ಸರಿ ಬಂತು ಅಂತಲ್ಲ, ಇಪ್ಪತ್ತು ವರ್ಷದ ತುಕ್ಕು ನಿಜವಾಗಿಯೂ ಇತ್ತು. ಆದ್ರೆ ಈಗ ಬರ್ತಿದ್ದ ಮಿಸ್ ಅವರದ್ದೇ ಮಿಸ್. ಅದನ್ನ ಅಭ್ಯಾಸದಿಂದ ಸರಿ ಮಾಡ್ಕೋಬಹುದು. ಮಧ್ಯೆ ಒಂದು ಕಡೆ ನಿಲ್ಲಿಸಿ, ‘ಇಲ್ಲಿ ನೀನು ಬರೆದಿರೋ ತಂತಿ ತಪ್ಪು. ಸ್ಟೇಜಲ್ಲಿ ನಾವು ಇದನ್ನ ಕೆಳಗಿನ ಪೊಸಿಷನ್‌ನಲ್ಲೇ ಮುಗಿಸ್ತಿದ್ವಿ’ ಅಂತ ತೋರಿಸಿದ್ರು. ಸರಿಯಾಗಿತ್ತು. ಅವತ್ತೇ ಕೂತು ತಿದ್ದಿದೆ. ಈಗ ಆ ಗಿಟಾರ್ ಬ್ಯಾಗಲ್ಲಿಲ್ಲ, ಹಾಲ್‌ನಲ್ಲಿ ಸ್ಟ್ಯಾಂಡ್ ಮೇಲಿದೆ.

ನಿಮ್ಮ ಹತ್ರವೂ ಇಂಥ ಅರ್ಧಕ್ಕೆ ಬಿಟ್ಟ ಚಾರ್ಟ್ ಇದ್ರೆ, ಈ ವಾರಾಂತ್ಯ ತೆರೆದು ಮೆಟ್ರೊನೋಮ್ ಹಾಕಿ ಒಂದು ಸಲ ಪೂರ್ತಿ ಕೇಳಿ. ಎಲ್ಲಿ ಸಿಕ್ಕಿಹಾಕಿಕೊಂಡ್ರಿ ಅಂತ ನಮಗೆ ಬರೆದು ತಿಳಿಸಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ. ಅಲ್ಲಿವರೆಗೂ ನುಡಿಸ್ತಾ ಇರಿ, ನಮಸ್ಕಾರ.